ಅಟ್ಟದ ಪೆಟ್ಟಿಗೆ ಇಳಿಸುವ ಮೊದಲು

ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯ ಹಳೆಯ ಕಾಗದ, ಪಾತ್ರೆ, ಫೋಟೊ ಮತ್ತು ಹಿರಿಯರ ನೆನಪುಗಳನ್ನು ಉಳಿಸಿಕೊಳ್ಳುವ ಬಗ್ಗೆ ಶಿವಮೊಗ್ಗ ಜಿಲ್ಲೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರಿನ ಕಡೆ ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಅಡುಗೆಮನೆ ಅಟ್ಟದಲ್ಲಿ ಅಜ್ಜನ ಕಾಲದ ಮರದ ಪೆಟ್ಟಿಗೆ ಇದೆ. ಗೇಣಿ ಚೀಟಿ, ಕ್ರಯಪತ್ರ, ಅಡಿಕೆ ಮಂಡಿಯ ಲೆಕ್ಕ, ಕಾರ್ಡು, ಕವರು ಎಲ್ಲ ಅದರಲ್ಲೇ. ಅರವತ್ತು ವರ್ಷ ಏನೂ ಆಗದ ಕಾಗದಕ್ಕೆ ಈಗ ಕೆಲವು ಮಳೆಗಾಲದಿಂದ ಬೂಷ್ಟು ಹಿಡಿಯುತ್ತಿದೆ. ಬಿಸಿಲಿಗೆ ಹಾಕಿ ನುಸಿಗುಳಿಗೆ ಇಟ್ಟರೆ ಸಾಕೆ? (ಸಾಗರ ತಾಲ್ಲೂಕು)

ಉತ್ತರ: ನಿಮ್ಮ ಮನೆಯಲ್ಲಿ ಸೌದೆ ಒಲೆ ನಿಂತದ್ದು ಯಾವಾಗ? ಬೂಷ್ಟು ಶುರುವಾದದ್ದೂ ಹೆಚ್ಚುಕಡಿಮೆ ಆಗಲೇ ಇರಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಕಾಗದವನ್ನು ಕಾಪಾಡುತ್ತಿದ್ದದ್ದು ದಿನಕ್ಕೆ ಎರಡು ಹೊತ್ತು ಏರುತ್ತಿದ್ದ ಕಾವು ಮತ್ತು ಹೊಗೆ. ಕಾವಿಗೆ ಪಸೆ ಆರುತ್ತಿತ್ತು, ಹೊಗೆಗೆ ಹುಳ ದೂರ ಇರುತ್ತಿತ್ತು. ಗ್ಯಾಸ್ ಬಂದ ಮೇಲೆ ಅದೇ ಅಟ್ಟ ಹೆಂಚಿನ ಅಡಿಯ ತಣ್ಣನೆ, ಥಂಡಿ ಜಾಗ ಅಷ್ಟೆ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಬರುತ್ತದೆ. ನಮ್ಮಲ್ಲಿ ಆಷಾಢ ಶ್ರಾವಣದಲ್ಲಿ ಮನೆಯೊಳಗೇ 85ರ ಮೇಲಿರುತ್ತದೆ. ಹಾಗಾಗಿ ಮೊದಲು ಪೆಟ್ಟಿಗೆಯ ಜಾಗ ಬದಲಿಸಿ. ಒಳಕೋಣೆಯಲ್ಲಿ, ಹೊರಗೋಡೆಗೆ ತಾಗದಂತೆ, ನೆಲದಿಂದ ಒಂದು ಗೇಣು ಎತ್ತರಕ್ಕೆ ಹಲಗೆ ಕೊಟ್ಟು ಇಡಿ.

ತೆಗೆಯುವುದಕ್ಕೆ ಜನವರಿ ಕೊನೆಯಿಂದ ಮಾರ್ಚ್ ಒಳಗಿನ ಒಂದು ಮಧ್ಯಾಹ್ನ ಒಳ್ಳೆಯದು. ಮೂಗಿಗೆ ಮಾಸ್ಕ್ ಇರಲಿ, ಬೂಷ್ಟಿನ ಪುಡಿ ಉಬ್ಬಸದವರಿಗೆ ಆಗದು. ಕಟ್ಟು ಬಿಚ್ಚುವ ಮೊದಲು ಇದ್ದ ಹಾಗೇ ಒಂದು ಫೋಟೊ ತೆಗೆಯಿರಿ. ಯಾವ ಕಾಗದ ಯಾವುದರ ಜೊತೆ ಕಟ್ಟಿತ್ತು ಎನ್ನುವುದೇ ಅರ್ಧ ಚರಿತ್ರೆ. ಒಂದೇ ದಾರದಲ್ಲಿದ್ದ ಗೇಣಿ ಚೀಟಿಯನ್ನೂ ಮದುವೆ ಖರ್ಚಿನ ಪಟ್ಟಿಯನ್ನೂ ಬೇರೆ ಬೇರೆ ಫೈಲಿಗೆ ಹಾಕಿದಿರಾದರೆ, ಆ ವರ್ಷ ಸಾಲ ಯಾಕಾಯಿತು ಎನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆಮೇಲೆ ಜಗಲಿಯ ನೆರಳಿನಲ್ಲಿ ಹರವಿ, ಗಾಳಿಗೆ ಒಂದೆರಡು ಗಂಟೆ ಬಿಡಿ. ನೇರ ಬಿಸಿಲು ಬೇಡ: ಕಾಗದ ಸುರುಳಿಯಾಗುತ್ತದೆ, ಮಡಿಕೆಯಲ್ಲಿ ಮುರಿಯುತ್ತದೆ, ಶಾಯಿ ಮಾಸುತ್ತದೆ. ಒಣಗಿದ ಬೂಷ್ಟನ್ನು ಎರಡಿಂಚಿನ ಮೆತ್ತನೆ ಬ್ರಷ್ಷಿನಿಂದ ನಿಮ್ಮಿಂದ ಆಚೆಗೆ, ಮನೆಯ ಹೊರಗೆ ಗುಡಿಸಿ. ಹಸಿ ಇದ್ದಾಗ ಒರೆಸಿದರೆ ಕಲೆ ಒಳಕ್ಕೆ ಇಳಿಯುತ್ತದೆ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯಬೇಡಿ, ಹಿಂಬದಿಯ ಕಾಲನ್ನು ನೆಟ್ಟಗೆ ಮಾಡಿ ಜಾರಿಸಿ.

ಸೆಲ್ಲೋಟೇಪು, ಲ್ಯಾಮಿನೇಷನ್ ಎರಡೂ ಬೇಡ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಮಾಡಿದ ಕ್ರಯಪತ್ರವನ್ನು ಹಾಳಾಗದಂತೆ ಮತ್ತೆ ಬಿಡಿಸುವುದು ಬಹಳ ಕಷ್ಟ; ಒಳಗೆ ಪಸೆ ಉಳಿದಿದ್ದರೆ ಪ್ಲಾಸ್ಟಿಕ್ಕಿನ ಒಳಗೇ ಹಾಳಾಗುತ್ತದೆ. ನುಸಿಗುಳಿಗೆಯೂ ಬೇಡ. ಅದು ಬೂಷ್ಟನ್ನು ತಡೆಯುವುದಿಲ್ಲ, ಅದರ ಆವಿ ಮನೆಯವರ ಆರೋಗ್ಯಕ್ಕೆ ಕೆಟ್ಟದ್ದು. ಹುಳಕ್ಕೆ ಬಜೆಯ ತುಂಡನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಗಿಡಿ, ಕಾಗದಕ್ಕೆ ತಾಗದಿರಲಿ.

ಟ್ರಂಕಿನಲ್ಲಿ ಇಡುವವರು ಒಂದು ವಿಷಯ ಗಮನಿಸಬೇಕು: ಮಳೆಗಾಲದಲ್ಲಿ ಮುಚ್ಚಿದ ಟ್ರಂಕು ಥಂಡಿಯನ್ನು ಒಳಗೆ ಹಾಕಿ ಬೀಗ ಹಾಕಿದ ಹಾಗೆ. ಒಣಹವೆಯಲ್ಲಿ ತುಂಬಿ ಮುಚ್ಚಿ. ಎರಡು ಅಡಿ ಉದ್ದದ ಟ್ರಂಕಿಗೆ ಪಸೆ ಹೀರುವ ಸಿಲಿಕಾ ಜೆಲ್ ಹರಳು ಅರ್ಧದಿಂದ ಒಂದು ಕೆ.ಜಿ. ಬೇಕು. ಚಪ್ಪಲಿ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣ ಹತ್ತಿಟ್ಟರೂ ಏನೂ ಆಗದು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ನೀರು ಕುಡಿದಿದೆ ಎಂದರ್ಥ. 120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಮನೆಯ ಹತ್ತಿರ ತರಬೇಡಿ.

ಪ್ರಶ್ನೆ: ಒಂದು ಕಾಗದದಲ್ಲಿ ‘ಕ್ರೋಧಿ ಸಂವತ್ಸರದ ಮಾಘ ಬಹುಳ 5’ ಎಂದಿದೆ, ಇಸವಿ ಇಲ್ಲ. ಕ್ರೋಧಿ 1964 ಎಂದು ಬರೆದಿಡಬಹುದೆ? (ತೀರ್ಥಹಳ್ಳಿ ಕಡೆ)

ಉತ್ತರ: ಹಾಗೆ ಬರೆದರೆ ತಪ್ಪಾಗುತ್ತದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಮಾಘ ಬಹುಳ ಬರುವುದು ಫೆಬ್ರವರಿ ಸುಮಾರಿಗೆ, ಅಂದರೆ ಆ ಹೊತ್ತಿಗೆ ಇಸವಿ 1965 ಆಗಿರುತ್ತದೆ. ಮೇಲಾಗಿ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಇದು 1905ರದ್ದೂ ಆಗಿರಬಹುದು. ತೀರ್ಮಾನ ಮಾಡಲು ಕಾಗದದ ಒಳಗೇ ನೋಡಿ. ಲೆಕ್ಕ ರೂಪಾಯಿ ಆಣೆ ಪೈಯಲ್ಲಿದ್ದರೆ ಹೆಚ್ಚಾಗಿ 1957ರ ಹಿಂದಿನದು (ಹಳಬರು ಆಮೇಲೂ ಆಣೆ ಬಿಡಲಿಲ್ಲ, ಜಾಗ್ರತೆ). ‘ನಯೇ ಪೈಸೆ’ ಎಂದು ಮುದ್ರಿಸಿದ ಅಂಚೆಚೀಟಿ 1957ರಿಂದ 1964ರ ಕಾಲದ್ದು. ಕಾರ್ಡಿನ ಮೇಲೆ ಎಡ್ವರ್ಡ್ ದೊರೆಯ ತಲೆ ಇದ್ದರೆ 1905ನ್ನು ನಂಬಬಹುದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗಿಂತ ಹಿಂದಿನದು. ಖಚಿತವಾಗದಿದ್ದರೆ ‘1905 ಅಥವಾ 1965’ ಎಂದೇ ಬರೆದಿಡಿ. ಊಹೆಯನ್ನು ಒಮ್ಮೆ ಇಸವಿಯಾಗಿ ಬರೆದರೆ ಮೊಮ್ಮಕ್ಕಳ ಕಾಲಕ್ಕೆ ಅದೇ ಸತ್ಯವಾಗಿ ಕೂತಿರುತ್ತದೆ.

ಪ್ರಶ್ನೆ: ನಮ್ಮ ಅಜ್ಜಿ ಶರಾವತಿ ಅಣೆಕಟ್ಟಿನ ಮುಳುಗಡೆಯಿಂದ ಎದ್ದು ಬಂದವರು. ಎಂಬತ್ತೈದು ದಾಟಿದೆ, ನೆನಪು ಚುರುಕಾಗಿದೆ. ಮೊಬೈಲಿನಲ್ಲಿ ಎರಡು ಸಲ ರೆಕಾರ್ಡ್ ಮಾಡಿದೆವು. ‘ಆಗೆಲ್ಲ ಚೊಲೋ ಇತ್ತು’ ಎನ್ನುವುದು ಬಿಟ್ಟರೆ ಏನೂ ಬರಲಿಲ್ಲ. (ಹೊಸನಗರ ತಾಲ್ಲೂಕು)

ಉತ್ತರ: ‘ಆಗ ಹೇಗಿತ್ತು ಅಜ್ಜಿ?’ ಎಂದು ಕೇಳಿದ್ದೀರಿ, ಅಲ್ಲವೆ? ಅಷ್ಟು ದೊಡ್ಡ ಪ್ರಶ್ನೆಗೆ ಯಾರಾದರೂ ಕೊಡುವ ಉತ್ತರ ಅದೇ. ನೆನಪಿನಲ್ಲೇ ಅವರನ್ನು ಅವರ ಹಳೇ ಮನೆಯ ಜಗಲಿಯ ಮೇಲೆ ಕೂರಿಸಿ ಶುರು ಮಾಡಬೇಕು. ದೊಡ್ಡದೊಂದು ಡ್ರಾಯಿಂಗ್ ಹಾಳೆ ಹಾಸಿ, ನಡುವೆ ಒಂದು ಚೌಕ ಬರೆದು ‘ಇದು ನಿಮ್ಮ ಮನೆ. ಬಾವಿ ಯಾವ ಬದಿಗಿತ್ತು? ಕೊಟ್ಟಿಗೆ? ಉಣಗೋಲು ದಾಟಿದರೆ ಮೊದಲು ಸಿಗುವುದು ಯಾರ ಮನೆ?’ ಎಂದು ಕೇಳಿ. ಗದ್ದೆಯ ಹೆಸರು, ಹೊಳೆ ದಾಟುವ ಜಾಗ, ಸಂತೆಗೆ ಹೋಗುವ ದಾರಿ, ಭೂತನ ಬನ, ಶಾಲೆ, ಸುಡುಗಾಡು ಒಂದೊಂದಾಗಿ ಬರುತ್ತವೆ. ಹಾಳೆಯಲ್ಲಿ ಅಂದಾಜು ತಪ್ಪಿದರೂ ತಿದ್ದಬೇಡಿ. ಅದೇ ಊರಿನ ಇನ್ನೊಬ್ಬರಿಂದ ಬೇರೆ ಹಾಳೆಯಲ್ಲಿ ಬರೆಸಿ, ಆಮೇಲೆ ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕ್ಷೆಯ ಜೊತೆ ಹೋಲಿಸಿ. ಇಬ್ಬರ ಹಾಳೆಯಲ್ಲೂ ಇರುವ, ನಕ್ಷೆಯಲ್ಲಿ ಇಲ್ಲದ ಹೆಸರುಗಳೇ ನಿಮಗೆ ಸಿಕ್ಕುವ ನಿಜವಾದ ಗಂಟು.

ಮುಳುಗಡೆ ಎಂದರೆ ಯಾವ ಮುಳುಗಡೆ ಎಂದೂ ಕೇಳಿಕೊಳ್ಳಿ. ಶರಾವತಿಗೆ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಮೊದಲು ಬಂತು, ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾದದ್ದು ಅದರ ನೀರಿನಿಂದ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೆಯೂ ಮುಳುಗಿತು. ನೀರು ತುಂಬ ಇಳಿದ ಬೇಸಿಗೆಯಲ್ಲಿ ಈಗಲೂ ತಲೆ ತೋರುತ್ತದೆ. ಮನೆಮಂದಿ ‘ಮುಳುಗಡೆ’ ಎಂದು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಎರಡು ಬೇರೆ ಕಾಲ ಇರಬಹುದು.

ಇಸವಿ ಕೇಳಿದರೆ ಹಿರಿಯರು ಗೊಂದಲಕ್ಕೆ ಬೀಳುತ್ತಾರೆ. ಬದಲಿಗೆ ಗೂಟ ನೆಡಿ: ಜೋಗದ ಕರೆಂಟು (1948), ಕಾಗೋಡಿನ ಗೇಣಿದಾರರ ಗಲಾಟೆ (1951), ಸೊರಬದ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಗೊತ್ತಾದದ್ದು (1957), ಲಿಂಗನಮಕ್ಕಿ (1964), ಉಳುವವನಿಗೆ ಭೂಮಿ ಎಂಬ ಕಾನೂನು (1974). ‘ಮಂಗನ ಕಾಯಿಲೆ ಸುದ್ದಿ ಬಂದಾಗ ನಿಮ್ಮ ಮದುವೆ ಆಗಿತ್ತಾ? ಕೈಯಲ್ಲಿ ಕೂಸು ಇತ್ತಾ?’ ಇಂಥ ಎರಡು ಗೂಟದ ನಡುವೆ ಯಾವ ಘಟನೆಯನ್ನಾದರೂ ಕೆಲವೇ ವರ್ಷದ ಅಂದಾಜಿಗೆ ತರಬಹುದು.

ರೆಕಾರ್ಡಿಂಗ್ ವಿಷಯ. ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಹೆಂಚು ಮತ್ತು ತಗಡಿನ ಮೇಲಿನ ಮಳೆಯ ಸದ್ದನ್ನು ಯಾವ ಯಂತ್ರವೂ ಆಮೇಲೆ ತೆಗೆಯಲಾರದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಸುಗ್ಗಿ ಮುಗಿದ ಮೇಲಿನ ಮಧ್ಯಾಹ್ನ ಸರಿ. ಫ್ಯಾನು, ಫ್ರಿಜ್ಜು ಆರಿಸಿ (ಫ್ರಿಜ್ಜಿನ ಸ್ವಿಚ್ಚಿನ ಪಕ್ಕ ನಿಮ್ಮ ಮನೆ ಬೀಗದ ಕೈ ಇಡಿ, ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ). ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲಿನ ಮೇಲೆ, ಬಾಯಿಂದ ಒಂದು ಮೊಳದೊಳಗೆ ಇಡಿ. ಬರಿಯ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ವೇವ್ (WAV) ರೂಪದಲ್ಲಿ ಉಳಿಸುವ ಆ್ಯಪ್ ಇರಲಿ. ಒಂದು ಗಂಟೆಗೆ ಸುಮಾರು 600 ಎಂ.ಬಿ. ಜಾಗ ಬೇಕು, ಮೋನೊ ಆದರೆ ಅದರ ಅರ್ಧ. ಮೊದಲು ನೀವೇ ದಿನಾಂಕ, ಊರು, ಮಾತಾಡುವವರ ಪೂರ್ತಿ ಹೆಸರು ಹೇಳಿ. ನಲವತ್ತು ನಿಮಿಷಕ್ಕೆ ನಿಲ್ಲಿಸಿ. ಅಜ್ಜಿ ಅತ್ತರೆ ಯಂತ್ರ ನಿಲ್ಲಿಸಿ ಪಕ್ಕ ಕೂರಿ, ಪ್ರಶ್ನೆ ಮುಂದುವರಿಸಬೇಡಿ. ಪರಿಹಾರದ ದುಡ್ಡು, ದಾಯಾದಿ ಜಗಳ, ಜಾತಿಯ ಮಾತು ಬಂದ ಭಾಗಗಳನ್ನು ಯಾರು ಕೇಳಬಹುದು, ಯಾವಾಗ ಎಂದು ಅವರನ್ನೇ ಕೇಳಿ ಬರೆದಿಡಿ.

ಇಡೀ ಮಾತನ್ನು ಬರಹಕ್ಕಿಳಿಸಲು ಹೋಗಬೇಡಿ. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಬೇಕು, ಎರಡನೇ ದಿನಕ್ಕೇ ಸಾಕೆನಿಸುತ್ತದೆ. ‘12ನೇ ನಿಮಿಷ: ದೋಣಿಗಂಡಿ. 19: ಗೊರಬು ಹೆಣೆಯುವುದು’ ಎಂದು ಅರ್ಧ ಪುಟದ ಪಟ್ಟಿ ಮಾಡಿ. ಬರೆಯುವ ಕಡೆ ಅವರ ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದದಿರಿ.

ಪ್ರಶ್ನೆ: ಮನೆಯಲ್ಲಿ ಎರಡು ಕೊಳಗ ಇವೆ, ಒಂದು ದೊಡ್ಡದು, ಒಂದು ಸಣ್ಣದು. ಸರಿಯಾದ ಅಳತೆಯದು ಯಾವುದು? ಇನ್ನೊಂದನ್ನು ಗುಜರಿಗೆ ಹಾಕೋಣವೆಂದಿದ್ದೇವೆ. (ಸೊರಬ)

ಉತ್ತರ: ಖಂಡಿತ ಹಾಕಬೇಡಿ! ಎರಡಿರುವುದೇ ವಿಶೇಷ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದರ ನಡುವೆ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ; ಕೊಳಗ ಅರ್ಧ ಸೇರು ದೊಡ್ಡದಾದರೆ ಖಂಡುಗಕ್ಕೆ ಹತ್ತು ಸೇರು ಹೆಚ್ಚು ಹೋಗುತ್ತದೆ. ನಿಮ್ಮ ಎರಡರಲ್ಲಿ ಯಾವುದು ಯಾವ ಕೆಲಸಕ್ಕೆ, ಕೊಡುವುದಕ್ಕೋ ತೆಗೆದುಕೊಳ್ಳುವುದಕ್ಕೋ ಎನ್ನುವುದನ್ನು ಹಿರಿಯರಿಂದ ಮೊದಲು ಕೇಳಿ ಬರೆಯಿರಿ. ಉತ್ತರ ಮುಜುಗರದ್ದಾದರೂ ಬರೆಯಿರಿ.

ಅಳೆಯುವಾಗ ಮರದ ಕೊಳಗಕ್ಕೆ ನೀರು ಹಾಕಬೇಡಿ, ಬಿರಿಯುತ್ತದೆ. ಒಣ ಸಾಸಿವೆ ಅಥವಾ ರಾಗಿ ತುಂಬಿ, ಕೋಲಿನಿಂದ ಸವರಿ, ಲೀಟರ್ ಜಗ್ಗಿಗೆ ಸುರಿದು ನೋಡಿ. ಮೂರು ಸಲ ಮಾಡಿ ಸರಾಸರಿ ಬರೆಯಿರಿ. ರಾಶಿ ಏರಿಸಿ ಅಳೆದರೆ ಎಷ್ಟು ಎನ್ನುವುದನ್ನು ಬೇರೆಯಾಗಿ ಬರೆಯಿರಿ, ಏಕೆಂದರೆ ಮೋಸ ಇದ್ದರೆ ಅದು ಹೆಚ್ಚಾಗಿ ಆ ರಾಶಿಯಲ್ಲೇ. ಬಾಯಿಯ ಅಗಲ, ಒಳಗಿನ ಆಳ, ಲೋಹದ ಪಟ್ಟಿಯ ಮೇಲೆ ಮುದ್ರೆ ಇದ್ದರೆ ಅದರ ಫೋಟೊ ಸೇರಿಸಿ. ಮರಕ್ಕೆ ವಾರ್ನಿಷ್ ಬೇಡ. ಕೆಳಗೆ ಹೊಸ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಮರ ಕೊರೆಯುವ ಹುಳ, ಕುಟ್ಟೆ, ಇನ್ನೂ ಜೀವಂತ ಇದೆ: ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಒತ್ತಿ ತೆಗೆದು ಬಿಗಿಯಾಗಿ ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಮರದ ಮೇಲೆಲ್ಲ ನೀರು ಕೂರುತ್ತದೆ.

ಪ್ರಶ್ನೆ: ಹಿತ್ತಾಳೆ, ತಾಮ್ರದ ಹಳೇ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಇಡುವುದು ಸರಿಯೆ? (ಶಿವಮೊಗ್ಗ)

ಉತ್ತರ: ದಿನಬಳಕೆಯವನ್ನು ತಿಕ್ಕಿ. ಇಡುವುದಕ್ಕೆಂದೇ ಇಟ್ಟವನ್ನು ತಿಕ್ಕಬೇಡಿ. ಪ್ರತಿ ಸಲವೂ ಲೋಹದ ಒಂದು ಪದರ ಹೋಗುತ್ತದೆ, ಅದರ ಜೊತೆ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರೂ ಹೋಗುತ್ತದೆ. ಮದುವೆಗೆ ಯಾರು, ಯಾವಾಗ, ಯಾವ ಊರಿಂದ ಕೊಟ್ಟರು ಎನ್ನುವುದು ಬಹಳ ಮನೆಗಳಲ್ಲಿ ಉಳಿದಿರುವುದು ಪಾತ್ರೆಯ ಕಂಠದಲ್ಲಿ ಮಾತ್ರ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಾತ್ರೆಯ ಮೈಗೆ ಒರಗಿಸಿದಂತೆ ಅಡ್ಡಕ್ಕೆ ಹಿಡಿದರೆ ಸವೆದ ಅಕ್ಷರವೂ ಕಾಣುತ್ತದೆ; ಆಗಲೇ ಫೋಟೊ ತೆಗೆದುಕೊಳ್ಳಿ.

ಪ್ರಶ್ನೆ: ಓಲೆಗರಿಯ ಕಟ್ಟೊಂದು ಇದೆ. ಕನ್ನಡವೂ ಅಲ್ಲ, ಮಲಯಾಳದ ಹಾಗೆ ಕಾಣುತ್ತದೆ. ಮಂತ್ರ ಇರಬಹುದೆಂದು ಮನೆಯವರು ಹೊಳೆಗೆ ಬಿಡಲು ಹೇಳುತ್ತಾರೆ. (ಸಾಗರ, ಹೊಸನಗರದಿಂದ ಮೂರು ಪತ್ರ)

ಉತ್ತರ: ಅದು ತಿಗಳಾರಿ ಲಿಪಿ ಇರುವ ಸಾಧ್ಯತೆ ಹೆಚ್ಚು. ಮಲೆನಾಡು ಕರಾವಳಿಯ ವೈದಿಕ ಮನೆತನಗಳಲ್ಲಿ ಸಂಸ್ಕೃತ ಬರೆಯಲು ಅದೇ ರೂಢಿಯಲ್ಲಿತ್ತು. ಮಂತ್ರವೇ ಇರಬಹುದು, ವೈದ್ಯ, ಜ್ಯೋತಿಷ್ಯ, ಮನೆ ಲೆಕ್ಕವೂ ಇರಬಹುದು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದದ್ದು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಯಾರೋ ಒಬ್ಬರು ತಂದುಕೊಟ್ಟ ಓಲೆಕಟ್ಟಿನಿಂದ. ಆ ಕಟ್ಟೂ ಹೊಳೆ ಸೇರಿದ್ದರೆ?

ನೀರು, ಸೀಮೆಎಣ್ಣೆ, ಅರಿಶಿನ ಏನನ್ನೂ ಹಚ್ಚಬೇಡಿ. ಗರಿಗಳು ಅಂಟಿಕೊಂಡಿದ್ದರೆ ಎಳೆಯಬೇಡಿ. ಬಿಡಿಯಾಗಿದ್ದರೆ ಒಣ ಬ್ರಷ್ಷಿನಿಂದ ಧೂಳು ತೆಗೆದು, ಇದ್ದ ಕ್ರಮದಲ್ಲೇ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಅಂಚಿನ ಸಂಖ್ಯೆ ಚಿತ್ರದಲ್ಲಿ ಬರಲೇಬೇಕು. ಗರಿ ತೀರ ಒಣಗಿ ಸೆಟೆದಿದ್ದರೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ತೆಳುವಾಗಿ ಸವರುವ ಪದ್ಧತಿ ಇದೆ, ಆದರೆ ಅದನ್ನು ಗೊತ್ತಿದ್ದವರ ಕೈಯಿಂದ ಮಾಡಿಸಿ. ಮೇಲೆ ಕೆಳಗಿನ ಮರದ ಹಲಗೆ, ದಾರ ಬಿಸಾಡಬೇಡಿ. ಗರಿ ಸೊಟ್ಟಗಾಗದಂತೆ ಹಿಡಿದಿಡುವುದು ಅವೇ. ಕೆಂಪು ಹತ್ತಿಬಟ್ಟೆಯಲ್ಲಿ ಸುತ್ತುವ ಹಳೇ ಕ್ರಮ ಚೆನ್ನಾಗಿದೆ, ಬಟ್ಟೆಯನ್ನು ಒಗೆದು ಗಂಜಿ ಬಿಡಿಸಿರಬೇಕು ಅಷ್ಟೆ. ಗಂಜಿಯ ರುಚಿಗೆ ಬೆಳ್ಳಿಹುಳ ಬರುತ್ತದೆ. ಓದಿಸಲು ಹತ್ತಿರದ ಜಾಗ ಕೆಳದಿಯ ವಸ್ತುಸಂಗ್ರಹಾಲಯ. ಗುಂಡಾ ಜೋಯಿಸರು ಕಟ್ಟಿದ ಈ ಸಂಗ್ರಹ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೊದಲು ಫೋಟೊ ಒಯ್ಯಿರಿ, ಮೂಲ ಆಮೇಲೆ.

ಪ್ರಶ್ನೆ: ಕಟ್ಟು ಹಾಕಿಸಿದ ಹಳೇ ಫೋಟೊ ಗಾಜಿಗೇ ಅಂಟಿಕೊಂಡಿದೆ. ಬಿಡಿಸುವುದು ಹೇಗೆ? (ತೀರ್ಥಹಳ್ಳಿ)

ಉತ್ತರ: ಬಿಡಿಸಬೇಡಿ. ಫೋಟೊದ ಮೇಲ್ಪದರ ಜೆಲಟಿನ್; ಪಸೆಗೆ ಮೆತ್ತಗಾಗಿ ಗಾಜು ಹಿಡಿಯುತ್ತದೆ, ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜು ಒರೆಸಿ, ಗಾಜಿನ ಸಮೇತ ಸ್ಕ್ಯಾನರಿನ ಮೇಲಿಟ್ಟು 600 ಡಿಪಿಐಯಲ್ಲಿ ಪ್ರತಿ ಮಾಡಿ. ಉಳಿದ ಫೋಟೊಗಳಿಗೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಸುತ್ತ ದಪ್ಪ ರಟ್ಟಿನ ಅಂಚು ಇರಲಿ, ಗೋಡೆಗೆ ನೇತುಹಾಕುವಾಗ ಹಿಂದೆ ಎರಡು ಕಾರ್ಕಿನ ತುಂಡು ಅಂಟಿಸಿ ಗಾಳಿಯಾಡಲು ಬಿಡಿ. ಹೆಸರು ಬರೆಯಲು ಬಾಲ್‌ಪೆನ್ ಬೇಡ, ಮೆತ್ತನೆ ಪೆನ್ಸಿಲು ಸಾಕು. ‘ಅಜ್ಜ’ ಎಂದಲ್ಲ, ಪೂರ್ತಿ ಹೆಸರು, ಎಡದಿಂದ ಬಲಕ್ಕೆ. ನಿಮ್ಮ ಮಗನಿಗೆ ಆ ‘ಅಜ್ಜ’ ಬೇರೆಯವರು.

ಪ್ರಶ್ನೆ: ಸ್ಕ್ಯಾನ್ ಮಾಡಿದ್ದನ್ನೆಲ್ಲ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇವೆ. ಸಾಕಲ್ಲವೆ? (ಭದ್ರಾವತಿ)

ಉತ್ತರ: ಸಾಲದು. ಫೋಟೊ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಮೂಲ ಕಡತಗಳ ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ. ಪೆನ್‌ಡ್ರೈವನ್ನು ನೆಚ್ಚಬೇಡಿ.

ಪ್ರಶ್ನೆ: ಹಳೇ ಮಣ್ಣಿನ ಮನೆ ಕೆಡವುತ್ತಿದ್ದೇವೆ. ಗೋಡೆಯ ಮೇಲೆ ಅತ್ತೆ ಬರೆದ ಹಸೆ ಚಿತ್ತಾರ ಇದೆ. ಗೋಡೆ ಕತ್ತರಿಸಿ ಉಳಿಸಬಹುದೆ? (ಸಾಗರ ತಾಲ್ಲೂಕು)

ಉತ್ತರ: ಮಣ್ಣಿನ ಗೋಡೆ ಕತ್ತರಿಸಿದರೆ ಪುಡಿಯಾಗುತ್ತದೆ. ಚಿತ್ತಾರವೂ ಶಾಶ್ವತಕ್ಕೆಂದು ಬರೆದದ್ದಲ್ಲ, ಮದುವೆಗೆ ಬರೆದದ್ದು. ಉಳಿಯಬೇಕಾದದ್ದು ಬರೆಯುವ ಕ್ರಮ. ಗೋಡೆಯ ನೇರ ಎದುರಿಗೆ ನಿಂತು, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ. ಬೆಳಗಿನ ಬೆಳಕು ಸಾಕು, ಫ್ಲಾಷ್ ಬೇಡ. ಅತ್ತೆಯವರು ಇದ್ದರೆ ಅದನ್ನೇ ಕೆಮ್ಮಣ್ಣು ಬಳಿದ ಬಟ್ಟೆಯ ಮೇಲೆ ಮತ್ತೊಮ್ಮೆ ಬರೆಸಿ, ಬರೆಯುವಾಗ ವಿಡಿಯೊ ಮಾಡಿ. ಮೊದಲ ಗೆರೆ ಎಲ್ಲಿ, ಪ್ರತಿ ಎಳೆಗೆ ಏನು ಹೆಸರು, ಬರೆಯುವಾಗ ಯಾವ ಹಾಡು ಎಂದು ಕೇಳಿ. ಅಕ್ಕಿ ಎಷ್ಟು ಹೊತ್ತು ನೆನೆಸಿದರು, ಕಪ್ಪಿಗೆ ಅಕ್ಕಿಯನ್ನು ಎಷ್ಟು ಹುರಿದರು, ಹಳದಿಗೆ ಗುರಿಗೆ ಕಾಯಿ ಎಲ್ಲಿಂದ ತಂದರು, ಪುಂಡಿನಾರನ್ನು ಹೇಗೆ ಜಜ್ಜಿ ಕುಂಚ ಮಾಡಿದರು ಎನ್ನುವುದನ್ನು ಪಾವು, ಹಿಡಿ, ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಅವರು ‘ಅಂದಾಜು’ ಎಂದರೆ ಅವರ ಹಿಡಿಯನ್ನೇ ತಕ್ಕಡಿಗೆ ಹಾಕಿ ತೂಗಿ.

ಪ್ರಶ್ನೆ: ತೋಟದ ಕಾಲುವೆ ತೆಗೆಯುವಾಗ ಅಕ್ಷರ ಇರುವ ಕಲ್ಲು ಸಿಕ್ಕಿದೆ. ಮನೆ ಮುಂದೆ ತಂದು ನಿಲ್ಲಿಸಬಹುದೆ? (ಶಿಕಾರಿಪುರ)

ಉತ್ತರ: ಅಲುಗಿಸಬೇಡಿ. ಕಲ್ಲು ನಿಂತ ಜಾಗವೂ ಶಾಸನದ ಭಾಗ. ಎಷ್ಟೋ ಶಾಸನಗಳು ಗಡಿ, ಕೆರೆ, ದಾನದ ಗದ್ದೆಯನ್ನೇ ಹೇಳುತ್ತವೆ. ನಾಣ್ಯ, ವಿಗ್ರಹದಂಥದ್ದು ಮಣ್ಣಿನೊಳಗೆ ಸಿಕ್ಕಿದರಂತೂ ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕಲ್ಲಿಗೆ ಎಣ್ಣೆ, ಸುಣ್ಣ, ಪೇಂಟು, ಆಸಿಡ್ ಬೇಡ. ನೀರು ಮತ್ತು ತೆಂಗಿನನಾರಿನಿಂದ ಮಣ್ಣು ತೊಳೆದು, ಸಂಜೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು (1902, 1904) ಈ ಜಿಲ್ಲೆಯವೇ, ತಾಲ್ಲೂಕುವಾರು ಸಂಖ್ಯೆ ಕೊಟ್ಟಿವೆ. ನಿಮ್ಮ ಊರಿನ ಹೆಸರಿನಲ್ಲಿ ಹುಡುಕಿ. ಅದರಲ್ಲಿ ಇಲ್ಲದಿದ್ದರೆ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದವರಿಗೆ ಫೋಟೊ ತೋರಿಸಿ.

ಪ್ರಶ್ನೆ: ಊರ ಶಾಲೆಯ ಒಂದು ಕೋಣೆಯಲ್ಲಿ ಹಳೇ ವಸ್ತುಗಳ ಸಂಗ್ರಹ ಮಾಡಬೇಕೆಂದಿದ್ದೇವೆ. ಜನ ಕೊಡಲು ತಯಾರಿದ್ದಾರೆ. ಎಲ್ಲಿಂದ ಶುರು ಮಾಡುವುದು? (ಹೊಸನಗರ)

ಉತ್ತರ: ರಿಜಿಸ್ಟರಿನಿಂದ. ಕಪಾಟು ಆಮೇಲೆ. ಗಟ್ಟಿ ಬೈಂಡಿನ ಒಂದು ಪುಸ್ತಕದಲ್ಲಿ ಕ್ರಮಸಂಖ್ಯೆ, ವಸ್ತುವಿನ ಊರಿನ ಹೆಸರು, ಕೊಟ್ಟವರು, ದಾನವೋ ನೋಡಲು ಕೊಟ್ಟದ್ದೋ, ಅಳತೆ, ಯಾರು ಬಳಸುತ್ತಿದ್ದರು, ಹೇಗೆ ಬಳಸುತ್ತಿದ್ದರು ಎಂಬ ಕಾಲಮ್ಮುಗಳಿರಲಿ. ಕೊನೆಯ ಎರಡು ಖಾಲಿ ಬಿಟ್ಟು ವಸ್ತುವನ್ನು ಒಳಗೆ ಸೇರಿಸಿಕೊಳ್ಳಲೇಬೇಡಿ. ಊರಿನ ಸಂಗ್ರಹಗಳು ಮುಚ್ಚುವುದು ಹೆಚ್ಚಾಗಿ ಜಗಳದಿಂದ: ಕೊಟ್ಟವರು ತೀರಿಕೊಂಡ ಮೇಲೆ ಮಗ ಬಂದು ಕೇಳುತ್ತಾನೆ, ಕೊಡಬೇಕೋ ಬೇಡವೋ ಯಾರಿಗೂ ಗೊತ್ತಿರುವುದಿಲ್ಲ. ಅರ್ಧ ಪುಟದ ದಾನಪತ್ರಕ್ಕೆ ಕೊಡುವವರು ಮತ್ತು ಮನೆಯ ಇನ್ನೊಬ್ಬರು ಸಹಿ ಮಾಡಲಿ. ಸಂಖ್ಯೆಯನ್ನು ವಸ್ತುವಿನ ಮೇಲೆ ಪೇಂಟಿನಲ್ಲಿ ಬರೆಯಬೇಡಿ. ಹತ್ತಿಯ ಲಾಡಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಕಟ್ಟಿ.

ಎಲ್ಲರೂ ಒಯ್ದು ಕೊಡುವುದು ಬೀಸುಕಲ್ಲು, ಒರಳು, ಲಾಟೀನು. ಹತ್ತು ಬೀಸುಕಲ್ಲು ಇಡಲು ನಿಮ್ಮಲ್ಲಿ ಜಾಗ ಇಲ್ಲ, ಒಂದು ಸಾಕು ಎನ್ನಲು ಕಲಿಯಿರಿ. ಕೇಳಿ ತರಬೇಕಾದದ್ದು ಯಾರೂ ಕೊಡಲು ಯೋಚಿಸದ್ದನ್ನು: ಸೊಸೈಟಿಯ ಪಾಸ್‌ಪುಸ್ತಕ, ಅಡಿಕೆ ಮಂಡಿಯ ಪಟ್ಟಿ, ರೇಷನ್ ಕಾರ್ಡು, ಯಕ್ಷಗಾನದ ಕರಪತ್ರ, ಮದುವೆ ಕರೆಯೋಲೆ, ಶಾಲೆಯ ಹಾಜರಿ, ಹೆರಿಗೆ ಮಾಡಿಸುತ್ತಿದ್ದವರ ಕತ್ತರಿ. ಕಾಗದ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಒಂದು ಭಾನುವಾರ ದೇವಸ್ಥಾನದ ಚಾವಡಿಯಲ್ಲಿ ಸ್ಕ್ಯಾನರ್ ಇಟ್ಟುಕೊಂಡು ಕೂರಿ. ದಾಖಲೆಗೆ 300 ಡಿಪಿಐ, ಸಣ್ಣ ಫೋಟೊಗೆ 600. ಒಬ್ಬರು ಸ್ಕ್ಯಾನಿಗೆ, ಒಬ್ಬರು ಬರೆಯಲು, ಒಬ್ಬರು ಬಂದವರ ಜೊತೆ ಮಾತಾಡಲು. ಮೂರನೆಯವರು ಸೊಸೆಯಂದಿರಲ್ಲಿ ಯಾರಾದರೂ ಆಗಿದ್ದರೆ ಒಳ್ಳೆಯದು, ಹೆಂಗಸರು ತಂದ ಗಂಟು ಆಗಲೇ ಬಿಚ್ಚುವುದು. ಮೂಲವನ್ನು ಅವರ ಕಣ್ಣೆದುರೇ ಸ್ಕ್ಯಾನ್ ಮಾಡಿ ಅಲ್ಲೇ ಕೈಗೆ ವಾಪಸ್ ಕೊಡಿ, ‘ನಾಳೆ ಕೊಡುತ್ತೇವೆ’ ಎಂದು ಒಂದನ್ನೂ ಇಟ್ಟುಕೊಳ್ಳಬೇಡಿ.